ಬೀಕರ್ ಒಡೀತು ಅಂತ ಮಕ್ಕಳಿಗೆ ಫೈನ್ ಹಾಕೋದನ್ನ ಮೊದಲು ನಿಲ್ಸಿ

17 ವರ್ಷದಿಂದ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪ್ರಾಕ್ಟಿಕಲ್ ಮಾಡಿಸ್ತಿದೀನಿ, ಇವತ್ತು ಇದನ್ನ ಬರೀಲೇಬೇಕು ಅನ್ನಿಸ್ತು.

ನಾನು ಮೊದಲು ಕೆಲಸಕ್ಕೆ ಸೇರಿದ ಕಾಲೇಜಲ್ಲಿ ಒಂದಿನ ಸೆಕೆಂಡ್ ಪಿಯು ಬ್ಯಾಚ್‌ಗೆ ಫೆರಿಕ್ ಹೈಡ್ರಾಕ್ಸೈಡ್ ಸಾಲ್, ಅಂದ್ರೆ ಅತಿ ಸಣ್ಣ ಕಣಗಳು ನೀರಲ್ಲಿ ಹರಡ್ಕೊಂಡಿರೋ ಮಿಶ್ರಣ, ಮಾಡಿಸ್ತಿದ್ದೆ. 250 ಎಂಎಲ್ ಬೀಕರಲ್ಲಿ 100 ಎಂಎಲ್ ಡಿಸ್ಟಿಲ್ಡ್ ವಾಟರ್ ಕುದಿಸಿ, ಕುದೀತಿರೋವಾಗ್ಲೇ ಫೆರಿಕ್ ಕ್ಲೋರೈಡನ್ನ ಹನಿ ಹನಿಯಾಗಿ ಬಿಡ್ತಾ ಕಲಕ್ತಾ ಹೋಗ್ಬೇಕು, ನೀರು ನಿಧಾನಕ್ಕೆ ಕಡುಗೆಂಪು ಬಣ್ಣಕ್ಕೆ ತಿರುಗುತ್ತೆ. ಒಂದು ಹುಡುಗಿ ಬೀಕರಿಂದ ಟಿಕ್ ಅಂತ ಸಣ್ಣ ಸದ್ದು ಬಂತು ಅಷ್ಟೇ, ತಳ ಇಡೀ ಬಿಲ್ಲೆ ಥರ ಕಳಚ್ಕೊಂಡು ಕುದಿಯೋ ನೀರೆಲ್ಲಾ ಅವಳ ಎಡಗೈ ಮೇಲೆ. 20 ನಿಮಿಷ ನಲ್ಲಿ ಕೆಳಗೆ ಕೈ ಹಿಡ್ಸಿ ನಿಂತಿದ್ದೆ. ಆಗ ಆ ಮಗು ಅಳ್ತಾ ಹೇಳಿದ್ದು, "ಮೇಡಂ, ಹೋದ್ವಾರಾನೇ ತಳದಲ್ಲಿ ನಕ್ಷತ್ರದ ಥರ ಗೀಟು ಇತ್ತು, ಹೇಳಿದ್ರೆ ನನ್ ಹೆಸರಲ್ಲೇ ಬ್ರೇಕೇಜ್ ಫೈನ್ ಬರೀತಾರೆ ಅಂತ ಸುಮ್ನಾಗ್ಬಿಟ್ಟೆ." ಆ ಮಾತು ಇವತ್ತಿಗೂ ನನ್ನ ಬಿಟ್ಟಿಲ್ಲ.

ಮಕ್ಕಳು ಹುಷಾರಾಗಿಲ್ಲ ಅಂತ ಬೈಯೋದು ಸುಲಭ, ಆದ್ರೆ ತಪ್ಪು ಇಂಡೆಂಟಲ್ಲೇ, ಅಂದ್ರೆ ಲ್ಯಾಬ್‌ಗೆ ಬೇಕಾದ ಸಾಮಾನಿನ ಪಟ್ಟೀಲೇ ಶುರುವಾಗಿರುತ್ತೆ. "ಗ್ಲಾಸ್ ಬೀಕರ್ 250 ಎಂಎಲ್, 50 ನಂಬರ್ಸ್" ಅಂತಷ್ಟೇ ಬರೆದು ಕಳಿಸ್ತೀವಿ, ಕೊಟೇಶನಲ್ಲಿ ಕಡಿಮೆ ರೇಟು ಯಾರ್ದೋ ಅವರಿಗೇ ಆರ್ಡರ್ ಹೋಗುತ್ತೆ, ಬರೋದು ಸೋಡಾ ಗಾಜು, ಅಂದ್ರೆ ಕಿಟಕಿ, ಬಾಟಲಿಗೆ ಹಾಕೋ ಮಾಮೂಲಿ ಗಾಜು. ಕಾಯಿಸೋ ಬೀಕರ್ ಬೋರೋಸಿಲಿಕೇಟ್, ಅಂದ್ರೆ ಬಿಸಿ ತಡ್ಕೊಳ್ಳೋ ಗಾಜು ಆಗಿರ್ಬೇಕು. ಗಾಜಲ್ಲಿ ಬಿಸಿ ಬೇಗ ಹರಿಯಲ್ಲ, ತಳ ಕಾದು ಹಿಗ್ಗೋ ಹೊತ್ಗೆ ಮೇಲಿನ ಭಾಗ ಇನ್ನೂ ತಣ್ಣಗಿರುತ್ತೆ, ಆ ಎಳೆದಾಟಕ್ಕೇ ಸೀಳೋದು. ಬೋರೋಸಿಲಿಕೇಟ್ 3.3 ಅಂತ ಬೀಕರ್ ಮೇಲೆ ಇರುತ್ತಲ್ಲ, ಆ 3.3 ಹೇಳೋದು ಇದನ್ನೇ: ಒಂದು ಡಿಗ್ರಿ ಬಿಸಿಗೆ ಹತ್ತು ಲಕ್ಷದಲ್ಲಿ 3.3 ಭಾಗ ಹಿಗ್ಗುತ್ತೆ ಅಂತ. ಸೋಡಾ ಗಾಜು ಸುಮಾರು 9 ಭಾಗ ಹಿಗ್ಗುತ್ತೆ, ಹತ್ರತ್ರ ಮೂರು ಪಟ್ಟು. ಅಂಗಡಿಯವ್ರು "ಮೇಡಂ ಇದು ದಪ್ಪ ಇದೆ, ಗಟ್ಟಿ" ಅಂತ ತೋರಿಸ್ತಾರೆ, ನಂಬ್ಬೇಡಿ. ದಪ್ಪ ಇದ್ದಷ್ಟೂ ಒಳಗಡೆಗೂ ಹೊರಗಡೆಗೂ ಬಿಸಿ ವ್ಯತ್ಯಾಸ ಜಾಸ್ತಿ, ಕಾಯಿಸೋಕೆ ಅದೇ ಅಪಾಯ.

ಬಂದಿರೋ ಮಾಲು ನಿಜವಾಗ್ಲೂ ಬೋರೋಸಿಲಿಕೇಟಾ ಅಂತ ಡೌಟ್ ಇದ್ರೆ ಒಂದು ಒಡೆದ ಚೂರನ್ನ ಚಿಮಟದಲ್ಲಿ ಹಿಡ್ದು ಗ್ಲಿಸರಿನ್ ಒಳಗೆ ಮುಳುಗ್ಸಿ ನೋಡಿ. ಬೋರೋಸಿಲಿಕೇಟ್, ಗ್ಲಿಸರಿನ್ ಎರಡರ ವಕ್ರೀಭವನ ಸೂಚ್ಯಂಕ (ಬೆಳಕನ್ನ ಎಷ್ಟು ಬಗ್ಗಿಸುತ್ತೆ ಅನ್ನೋ ಅಳತೆ) ಹೆಚ್ಚುಕಡಿಮೆ ಒಂದೇ, 1.47, ಹಾಗಾಗಿ ಚೂರು ಕಣ್ಮುಂದೇನೇ ಮಾಯ ಆಗುತ್ತೆ, ಅಂಚೂ ಕಾಣಲ್ಲ. ಸೋಡಾ ಗಾಜಿಂದು 1.52, ಅದು ಗೆರೆ ಗೆರೆಯಾಗಿ ಕಾಣ್ತಾನೇ ಇರುತ್ತೆ. ನಾನು ಇದನ್ನ ಪ್ರತಿ ವರ್ಷ ಮಕ್ಕಳ ಎದುರಿಗೇ ಮಾಡ್ತೀನಿ, ಅವರಿಗೆ ಫಿಸಿಕ್ಸ್ ಪಾಠಾನೂ ಆಯ್ತು.

ಒಳ್ಳೆ ಬೀಕರ್ ತಂದ್ಮೇಲೂ ಹೆಂಗೆಂಗೋ ಬಳಸಿದ್ರೆ ಒಡಿಯುತ್ತೆ. ಕಾದ ಬೀಕರನ್ನ ಒದ್ದೆ ಗ್ರಾನೈಟ್ ಮೇಲೆ ಇಡೋದು ನಮ್ಮ ಲ್ಯಾಬ್‌ಗಳಲ್ಲಿ ದಿನಾ ನಡೆಯೋ ತಪ್ಪು, ಒಂದು ಒಣ ಮರದ ಹಲಗೆನೋ ಬಟ್ಟೆನೋ ಇಟ್ಕೊಳ್ಳಿ. ಉರಿ ನೇರ ತಾಗಬಾರ್ದು, ಮಧ್ಯೆ ವೈರ್ ಗಾಜ್, ಅಂದ್ರೆ ತಂತಿ ಬಲೆ, ಬೇಕೇ ಬೇಕು. ಗಾಜಿನ ಕಡ್ಡೀಲಿ ತಳಾನ ಟಣಟಣ ಕುಟ್ಟಿ ಕಲಕಿದ್ರೆ ಒಳಗೆ ಕಣ್ಣಿಗೆ ಕಾಣದ ಗೀರು ಬಿದ್ದು ಮುಂದೆ ಅಲ್ಲಿಂದ್ಲೇ ಬಿಡೋದು. ದೊಡ್ಡ ಬೀಕರ್ ತುಂಬಿದ್ದಾಗ ಅಂಚು ಹಿಡಿದು ಎತ್ತಬೇಡಿ, ಒಂದು ಕೈ ತಳಕ್ಕೆ ಕೊಡಿ. ಸಲ್ಫ್ಯೂರಿಕ್ ಆಸಿಡ್ ತೆಳು ಮಾಡೋವಾಗ ನೀರಿಗೆ ಆಸಿಡ್, ಅದೂ ನಿಧಾನಕ್ಕೆ, ಅದೂ ಬೀಕರಲ್ಲೇ. ಮೆಷರಿಂಗ್ ಸಿಲಿಂಡರಲ್ಲಿ ಮಾಡೋರನ್ನ ನೋಡಿದೀನಿ, ಅದರ ದಪ್ಪ ತಳ ಆ ಬಿಸಿ ತಡ್ಕೊಳಲ್ಲ. ಅಳತೆಗೆ ಮಾತ್ರ ಬೀಕರ್ ನಂಬ್ಬೇಡಿ, ಅದರ ಗೆರೆ 5 ಪರ್ಸೆಂಟ್ ಆಚೀಚೆ ಇರ್ಬೋದು, 100 ಅಂದ್ರೆ 95ಊ ಆಗ್ಬೋದು 105ಊ ಆಗ್ಬೋದು.

ಈಗ ಫೈನ್ ವಿಷ್ಯ. ಬ್ರೇಕೇಜ್ ಫೈನ್ ಇಲ್ದಿದ್ರೆ ಮಕ್ಕಳು ಬೇಕಾಬಿಟ್ಟಿ ಒಡೀತಾರೆ ಅಂತ ನನ್ನ ಜೊತೆ ವಾದ ಮಾಡಿದ ಸಹೋದ್ಯೋಗಿಗಳು ಎಷ್ಟೋ ಜನ. ನಾನು ಈಗಿರೋ ಕಡೆ ಹಠ ಹಿಡ್ದು ತೆಗೆಸಿದೆ. ಮೊದಲನೇ ವಾರ ಬೀರು ಹಿಂದಿಂದ, ಸಿಂಕ್ ಕೆಳಗಿಂದ, ಮಕ್ಕಳು ತಂದಿಟ್ಟ ಬಿರುಕು ಬೀಕರ್‌ಗಳು ಎಣಿಸಿದ್ರೆ 14. ಅಷ್ಟೂ ಯಾವುದೋ ಒಂದು ದಿನ ಯಾರ್ದೋ ಕೈ ಸುಡೋಕೆ ಕಾದಿದ್ವು.

ಈಗ ಬಾಗಿಲ ಹತ್ರ ಒಂದು ದಪ್ಪ ರಟ್ಟಿನ ಡಬ್ಬ ಇದೆ, ಮೇಲೆ ಕೆಂಪು ಅಕ್ಷರದಲ್ಲಿ "ಒಡೆದ ಗಾಜು" ಅಂತ ಬರ್ದಿದೀವಿ, ಕಸದ ಜೊತೆ ಸೇರಿ ಪೌರಕಾರ್ಮಿಕರ ಕೈ ಕುಯ್ಯಬಾರ್ದು ಅಂತ. ಪ್ರಾಕ್ಟಿಕಲ್ ಶುರುವಾಗೋ ಮುಂಚೆ ಪ್ರತಿಯೊಬ್ರೂ ತಮ್ಮ ಬೀಕರನ್ನ ಕಿಟಕಿ ಬೆಳಕಿಗೆ ಎತ್ತಿ, ತಿರುಗ್ಸಿ, ತಳ ನೋಡಿ, ಅಂಚು ಚಕ್ಕೆ ಹೋಗಿದ್ಯಾ ನೋಡ್ತಾರೆ. ನಿನ್ನೆ ಫಸ್ಟ್ ಪಿಯು ಹುಡುಗ ಒಬ್ಬ ಓಡಿ ಬಂದು "ಮೇಡಂ ಇದ್ರಲ್ಲಿ ನಕ್ಷತ್ರ ಇದೆ" ಅಂದ. ಡಬ್ಬಕ್ಕೆ ಹಾಕಿ ಇನ್ನೊಂದು ಕೊಟ್ಟೆ.