ಟೆಸ್ಟರ್ ಹತ್ತೇತ್ರೀ!

ಬೆಳಗಿನ ನಾಲ್ಕಕ್ಕೆ ಬೆಳಗಾವಿಯ ಬೇಕರಿಗಳಲ್ಲಿ ಪಾವ್ ಹಿಟ್ಟು ಉಬ್ಬಿ ಟ್ರೇ ತುಂಬಿ ಕೂತಿರುತ್ತದೆ. ಭಟ್ಟಿ ಕೆಟ್ಟಿದೆ, ಸ್ವಲ್ಪ ತಡಿ ಅಂದರೆ ಹಿಟ್ಟು ಕೇಳುವುದಿಲ್ಲ. ಕರೆಂಟಿನ ಭಟ್ಟಿ 220 ಡಿಗ್ರಿಗೆ ಹೋಗಬೇಕಾದದ್ದು 150ರಲ್ಲೇ ಕಾಲು ಚಾಚಿ ಮಲಗಿರುತ್ತದೆ. ಆಗ ವೈರ್‌ಮನ್ ಬರುತ್ತಾನೆ. ಅಂಗಿ ಕಿಸೆಯಿಂದ ಟೆಸ್ಟರ್ ತೆಗೆದು ಮೂರು ಟರ್ಮಿನಲ್ಲಿಗೆ ಮೂರು ಸಲ ಚುಚ್ಚಿ, ಕೋರ್ಟಿನ ತೀರ್ಪಿನ ಹಾಗೆ ಹೇಳಿಬಿಡುತ್ತಾನೆ: "ಮೂರೂ ಫೇಸ್ ಬರಾಕತ್ತಾವ್ರೀ ಸಾವ್ಕಾರ್ರ. ಕಾಯಿಲ್ ಹೋಗ್ಯಾವ."

ಆ ಟೆಸ್ಟರಿನ ಬೆಲೆ ಒಂದು ಪ್ಲೇಟ್ ಮಿಸಳ್‌ಗಿಂತ ಕಡಿಮೆ, ಕೆಲಸ ಮಾತ್ರ ಬಹಳ. ಅದರಲ್ಲೇ ಸ್ಕ್ರೂ ಬಿಚ್ಚುತ್ತಾನೆ, ಗುಟ್ಕಾ ಚೀಟಿ ಹರಿಯುತ್ತಾನೆ, ಬೆನ್ನು ತುರಿಸುತ್ತಾನೆ, ಟ್ರಿಪ್ ಆದ ಎಂಸಿಬಿಗೆ ಎರಡು ಬಡಿದು ಬುದ್ಧಿ ಹೇಳುತ್ತಾನೆ. ನಡುನಡುವೆ ಪುರುಸೊತ್ತಾದರೆ ಕರೆಂಟೂ ನೋಡುತ್ತಾನೆ. ಮಲ್ಟಿಮೀಟರ್ ಇಲ್ಲವೇ ಅಂತ ಕೇಳಿದರೆ, "ಐತ್ರೀ, ಮನ್ಯಾಗೈತಿ." ಬ್ಯಾಂಕ್ ಲಾಕರಿನಲ್ಲಿ ಬಂಗಾರ ಇಟ್ಟವರ ಧ್ವನಿ ಅದು.

ಟೆಸ್ಟರಿನೊಳಗಿನ ನಿಯಾನ್ ದೀಪ 240 ವೋಲ್ಟಿಗೂ ನಗುತ್ತದೆ, 120ಕ್ಕೂ ನಗುತ್ತದೆ. ಮೂರು ಕಾಯಿಲ್‌ಗಳನ್ನು ಡೆಲ್ಟಾ, ಅಂದರೆ ತ್ರಿಕೋನದ ಹಾಗೆ ಒಂದರ ತುದಿಗೆ ಇನ್ನೊಂದು, ಕಟ್ಟಿದ ಭಟ್ಟಿಯಲ್ಲಿ ಒಂದು ಫೇಸ್ ಸತ್ತರೂ ಉಳಿದೆರಡು ಫೇಸಿನ ಕರೆಂಟು ಕಾಯಿಲ್ ಹಾದು ಆ ಸತ್ತ ಟರ್ಮಿನಲ್ಲಿಗೇ ತಿರುಗಿ ಬರುತ್ತದೆ, ನ್ಯೂಟ್ರಲ್‌ಗೆ ಹೋಲಿಸಿದರೆ ಸುಮಾರು 120 ವೋಲ್ಟು. ಚುಚ್ಚಿದರೆ ಟೆಸ್ಟರ್ ಹತ್ತದೆ ಏನು ಮಾಡೀತು? ಸತ್ತ ಮನೆಯಲ್ಲಿ ಪಕ್ಕದ ಮನೆಯವರು ಹಚ್ಚಿಟ್ಟ ದೀಪ ಅದು. ಇವನು ಕಿಟಕಿಯಿಂದ ನೋಡಿ ಮಾಲೀಕರು ಆರಾಮ ಇದ್ದಾರೆ ಅನ್ನುತ್ತಾನೆ.

ಆ ಮಲ್ಟಿಮೀಟರ್ ಮನೆಯಿಂದ ಬಂದರೆ ಎರಡು ನಿಮಿಷದ ಕೆಲಸ. ಭಟ್ಟಿ ಚಾಲೂ ಇದ್ದಾಗಲೇ, ಲೋಡಿನ ಮೇಲೆ, ಕಾಂಟ್ಯಾಕ್ಟರಿನ (ಭಟ್ಟಿಗೆ ಮೂರೂ ಫೇಸ್ ಕೂಡಿಸುವ ಸ್ವಿಚ್ಚಿನ) ಕೆಳಗೆ ಫೇಸಿನಿಂದ ಫೇಸಿಗೆ ನೋಡಬೇಕು. 415, 415, 415 ವೋಲ್ಟು ಬಂದರೆ ಸರಿ. 415, 207, 207 ಬಂದರೆ ಒಂದು ಫೇಸ್ ಇಲ್ಲ. ಅದೇ ಕಾಂಟ್ಯಾಕ್ಟರಿನ ಒಂದೊಂದೇ ಪೋಲಿನ (ಒಂದೊಂದು ಫೇಸಿನ ದಾರಿಯ) ಮೇಲೆ ಮೀಟರಿನ ಒಂದು ಕಡ್ಡಿ, ಕೆಳಗೆ ಒಂದು ಕಡ್ಡಿ ಇಟ್ಟರೆ ಸೊನ್ನೆಯ ಹತ್ತಿರ ತೋರಿಸಬೇಕು. 360ರ ಆಸುಪಾಸು ತೋರಿಸಿತೋ, ಕಳ್ಳ ಸಿಕ್ಕ. ಕಾಂಟ್ಯಾಕ್ಟರ್ "ಟಕ್" ಅಂತ ಎಳೆದುಕೊಂಡಿರುತ್ತದೆ, ಒಳಗೆ ಒಂದು ಪಾಯಿಂಟು ಸುಟ್ಟು ಕಪ್ಪಾಗಿ ಕೂಡದೆ ನಿಂತಿರುತ್ತದೆ. ಎಷ್ಟೋ ಸಲ ಅದೂ ಅಲ್ಲ, ವೈರಿನ ತುದಿಯ ಸಡಿಲಾದ ಲಗ್ ಒಂದು ಕಾದು ನೀಲಿಯಾಗಿರುತ್ತದೆ. ಬಿಗಿ ಮಾಡುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿರಿ; ಇಲ್ಲಿ ಧೈರ್ಯಕ್ಕೆ ಪದಕ ಕೊಡುವುದಿಲ್ಲ.

ಕ್ಲ್ಯಾಂಪ್ ಮೀಟರ್ ಇದ್ದರಂತೂ ವೈರಿಗೆ ಕೈಯೂ ಹಚ್ಚಬೇಕಿಲ್ಲ, ಅದು ವೈರಿನ ಸುತ್ತ ಬಾಯಿ ಹಾಕಿ ಕರೆಂಟು ಅಳೆಯುತ್ತದೆ. 2 ಕಿಲೋವ್ಯಾಟಿನ ಮೂರು ಕಾಯಿಲ್ ಡೆಲ್ಟಾದಲ್ಲಿದ್ದರೆ ಪ್ರತಿ ಲೈನಿಗೆ 8.3 ಆಂಪಿಯರ್. ಒಂದು ಫೇಸ್ ಹೋದರೆ 7.2, 7.2, ಸೊನ್ನೆ. ಒಂದು ಕಾಯಿಲ್ ಪೂರ್ತಿ ದುಡಿಯುತ್ತದೆ, ಉಳಿದೆರಡು ಕಾಲುಭಾಗ ಕೆಲಸ ಮಾಡಿ ಹಾಜರಿ ಹಾಕಿಸುತ್ತವೆ. ಒಟ್ಟು ಕಾವು ಅರ್ಧಕ್ಕೆ ಅರ್ಧ. 150ರ ರಹಸ್ಯ ಇಷ್ಟೇ.

ಆದರೆ ಕಾಯಿಲ್ ಹೋಗ್ಯಾವ ಅಂತ ತೀರ್ಪಾಗಿದೆಯಲ್ಲ! ಬಿಚ್ಚಿ ಓಮ್ ನೋಡಿದರೆ ಆ 2 ಕಿಲೋವ್ಯಾಟಿನ ಕಾಯಿಲ್ 86 ತೋರಿಸಿ ಗಟ್ಟಿಮುಟ್ಟಾಗಿಯೇ ಇರುತ್ತದೆ. ಯಾರು ನೋಡುತ್ತಾರೆ? ಮೂರೂ ಹೊಸದು ಬರುತ್ತವೆ. ಭಟ್ಟಿ ಮತ್ತೆ 150. "ಮಾಲ್ ಡುಪ್ಲಿಕೇಟ್ ಐತ್ರೀ."

ಮಳೆಗಾಲದಲ್ಲಿ ಇದಕ್ಕೆ ಇನ್ನೊಂದು ಅಂಕ ಸೇರುತ್ತದೆ. ವಾರಗಟ್ಟಲೆ ತಣ್ಣಗಿದ್ದ ಕಾಯಿಲ್‌ನೊಳಗಿನ ಬಿಳಿ ಪುಡಿ ನಮ್ಮೂರ ಜಿಟಿಜಿಟಿ ಮಳೆಯ ತೇವ ಹೀರಿಕೊಂಡು ಭಟ್ಟಿಯ ಲೋಹದ ಮೈಗೆ ಕರೆಂಟು ಲೀಕ್ ಕೊಡುತ್ತದೆ, ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೀಳುತ್ತದೆ. ಕಾಯಿಲ್ ಬಿಚ್ಚಿ ಬಿಸಿಯಲ್ಲಿ ಒಣಗಿಸಿ, ಲೀಕ್ ಪರೀಕ್ಷಿಸುವ 500 ವೋಲ್ಟಿನ ಮೆಗ್ಗರ್‌ನಲ್ಲಿ ಮತ್ತೆ ನೋಡಿದರೆ ಬಹಳ ಸಲ ಸರಿಹೋಗಿರುತ್ತದೆ. ನಮ್ಮವನು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡುತ್ತಾನೆ. ಮುಂದಿನ ಶಾಕು ಟ್ರೇ ಹಿಡಿದ ಹುಡುಗನ ಪಾಲಿಗೆ.

ಕಟ್ಟಿಗೆಯ ಭಟ್ಟಿಯಲ್ಲಿ ಈ ಗೋಳಿರಲಿಲ್ಲ. ಮೇಸ್ತ್ರಿ ಭಟ್ಟಿಯ ನೆಲದ ಮೇಲೆ ಒಂದು ಚಿಟಿಕೆ ಮೈದಾ ಎಸೆದು, ಅದು ಕೆಂಪಾಗುವ ವೇಗ ನೋಡಿ "ಹಾಕ್ರೀ" ಅನ್ನುತ್ತಿದ್ದ. ಕೆಟ್ಟರೆ ಹಸಿ ಕಟ್ಟಿಗೆ, ಇಲ್ಲಾ ಮಸಿ ಕಟ್ಟಿಕೊಂಡ ಚಿಮಣಿ. ಆ ಹೊಗೆ ಹತ್ತಿದ ಪಾವಿನ ವಾಸನೆಯೂ ಹೋಯಿತು, ಮೈದಾ ನೋಡಿ ಹೇಳುವ ಕಣ್ಣೂ ಹೋಯಿತು.

ಕಡೆಗೆ ಯಾರೋ ಕಾಂಟ್ಯಾಕ್ಟರ್ ಬದಲಿಸಿ, ಭಟ್ಟಿ 220 ಮುಟ್ಟಿ, ಪಾವಿನ ಮೈ ಕೆಂಪಾಗುವ ಹೊತ್ತಿಗೆ ವೈರ್‌ಮನ್ ಚಹಾ ಮುಗಿಸಿ ಒಳಗೆ ಬರುತ್ತಾನೆ. ಅದೇ ಟರ್ಮಿನಲ್ಲಿಗೆ ಅದೇ ಟೆಸ್ಟರ್ ಚುಚ್ಚುತ್ತಾನೆ. "ನೋಡ್ರೀ ಸಾವ್ಕಾರ್ರ, ಆಗೂ ಹತ್ತಿತ್ತು, ಈಗೂ ಹತ್ತೇತಿ. ನಾ ಏನ್ ಸುಳ್ಳ ಹೇಳಿದ್ನೇನ್ರೀ?"