ಅಜ್ಜಾರು ಆನ್‌ಲೈನ್ ಇದ್ದಾರೆ

ಒಬ್ಬ ಸ್ವಾಮಿಗಳು ಲಿಂಗೈಕ್ಯರಾದರೆ ಮೊದಲೆಲ್ಲ ಗದ್ದುಗೆ ಕಟ್ಟುತ್ತಿದ್ದರು. ಆಮೇಲೆ ವರ್ಷಕ್ಕೊಮ್ಮೆ ಪುಣ್ಯಸ್ಮರಣೆ, ದಾನಿಗಳ ಫೋಟೊ ತುಂಬಿದ ಒಂದು ಸ್ಮರಣ ಸಂಚಿಕೆ, ಗೋಧಿ ಹುಗ್ಗಿ. ಅಲ್ಲಿಗೆ ಭಕ್ತರ ಜವಾಬ್ದಾರಿ ಮುಗಿಯುತ್ತಿತ್ತು. ಈಗ ಅಷ್ಟಕ್ಕೆ ಬಿಡುವಂತಿಲ್ಲ. ಹೋದ ಅಜ್ಜಾರನ್ನು ಮತ್ತೆ ಮಾತಾಡಿಸಬೇಕು. ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಒಂದು ಮಠಕ್ಕೆ ತೇರು, ಪ್ರಸಾದ ನಿಲಯ, ಒಂದು ಕಾಲೇಜು ಇದ್ದರೆ ಮರ್ಯಾದೆಗೆ ಸಾಕಿತ್ತು. ಇನ್ನು ಮುಂದೆ ಎಐ ಅಜ್ಜಾರು ಇಲ್ಲದ ಮಠವನ್ನು ಯಾರೂ ಮಠ ಅನ್ನೋದಿಲ್ಲ.

ಯಾವ ಮಠ ಅಂತ ಮಾತ್ರ ಕೇಳಬೇಡಿ. ಹೆಸರು ಹೇಳಿದರೆ ಆ ಮಠದವರು ಸಿಟ್ಟಾಗುತ್ತಾರೆ ಅನ್ನೋ ಹೆದರಿಕೆ ನನಗಿಲ್ಲ. ಉಳಿದವರು 'ನಮ್ಮ ಮಠಾನ ಯಾಕ ಬಿಟ್ರಿ' ಅಂತ ಜಗಳಕ್ಕೆ ಬರುತ್ತಾರೆ.

ಡೆಮೊ ಇಟ್ಟದ್ದು ಪ್ರಸಾದ ನಿಲಯದ ಹಾಲಿನಲ್ಲಿ. ಬೆಂಗಳೂರಿನಿಂದ ಒಬ್ಬ ಹುಡುಗ ಬಂದಿದ್ದ. ಕರಿ ಟೀ ಶರ್ಟು, ಕೊರಳಲ್ಲಿ ಹೆಡ್‌ಫೋನು. ಲ್ಯಾಪ್‌ಟಾಪಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು ಶುರು ಮಾಡಿದರು. ಪರದೆ ಮೇಲೆ ಅಜ್ಜಾರು ಮೂಡಿ ಬಂದರು. ಬಂದವರೇ ನಕ್ಕರು. ಮುಂದಿನ ಸಾಲಿನ ಹಿರಿಯರು ಬೆಚ್ಚಿಬಿದ್ದರು. ಮಠದ ಕಾರಕೂನರು ಅಜ್ಜಾರ ಹತ್ತಿರವೇ ಕೂದಲು ಹಣ್ಣು ಮಾಡಿಕೊಂಡವರು. ಅಜ್ಜಾರಿಗೆ ಅಷ್ಟು ಹಲ್ಲಿದ್ದವು ಅಂತ ಅವರಿಗೂ ಅವತ್ತೇ ಗೊತ್ತಾದದ್ದು.

'ನಮಸ್ಕಾರ. ನೀವು ಹೇಗಿದ್ದೀರಿ? ಇಂದು ನಾನು ನಿಮಗೆ ಯಾವ ರೀತಿ ಸಹಾಯ ಮಾಡಬಹುದು?' ಅಂದರು ಅಜ್ಜಾರು, ಟಿವಿಯಲ್ಲಿ ವಾರ್ತೆ ಓದುವವರ ಕನ್ನಡದಲ್ಲಿ.

ಬದುಕಿದ್ದಾಗ ಅಜ್ಜಾರು ಯಾರನ್ನೂ ಹೀಗೆ ಕೇಳಿದವರಲ್ಲ. 'ಉಂಡ್ಯಾ?' ಅನ್ನುತ್ತಿದ್ದರು. ಇಲ್ಲ ಅಂದರೆ ದಾಸೋಹದ ಕಡೆ ಕೈ ತೋರಿಸುತ್ತಿದ್ದರು. ಹೂಂ ಅಂದರೆ, 'ಹಂಗಾರ ಇಲ್ಯಾಕ ನಿಂತಿ, ಹೋಗು, ಕೆಲಸಾ ನೋಡು' ಅನ್ನುತ್ತಿದ್ದರು.

ಈ ಹೊಸ ಅಜ್ಜಾರು ತಯಾರಾದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಯಂತ್ರಕ್ಕೆ ಅಜ್ಜಾರ ಹಾಗೆ ಮಾತಾಡೋದು ಕಲಿಸಬೇಕಾದರೆ ಮೊದಲು ಅಜ್ಜಾರ ದನಿ ಬೇಕಲ್ವಾ? ಶ್ರಾವಣ ಮಾಸದ ಪ್ರವಚನದ ಕ್ಯಾಸೆಟ್ಟುಗಳು ಉಗ್ರಾಣದಲ್ಲಿ, ದಾಸೋಹದ ಹಂಡೆ ಕೊಪ್ಪರಿಗೆಗಳ ಹಿಂದೆ, ಒಂದು ಬಿಸ್ಕಿಟ್ ಡಬ್ಬಿಯಲ್ಲಿ ಸಿಕ್ಕವು. ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಒಂದೆರಡರ ಮೇಲೆ ಯಾರೋ ಸಿನಿಮಾ ಹಾಡು ತುಂಬಿಸಿಕೊಂಡಿದ್ದರು. ಅಜ್ಜಾರು ವೈರಾಗ್ಯದ ಬಗ್ಗೆ ಹೇಳುತ್ತ ಹೇಳುತ್ತ ಥಟ್ಟನೆ ಯುಗಳಗೀತೆಗೆ ಹೋಗಿಬಿಡುತ್ತಿದ್ದರು. ಉಳಿದವು ಚೆನ್ನಾಗಿದ್ದವು. ಅಜ್ಜಾರ ಕೆಮ್ಮು, ಹಿಂದೆ ಅಳುವ ಕೂಸು, ಹೊರಗೆ ಗದಗ ಬಸ್ಸಿನ ಹಾರ್ನು, ನಡುನಡುವೆ ಮೈಕಿನವನಿಗೆ ಬೈಗುಳ, ಎಲ್ಲ ಇದ್ದವು.

ಹುಡುಗ ಮೊದಲು ಕೂಸಿನ ಅಳು ತೆಗೆದ. ಆಮೇಲೆ ಹಾರ್ನು. ಆಮೇಲೆ ಕೆಮ್ಮು. ಅಜ್ಜಾರು ಒಂದು ಮಾತು ಆಡಿ, ಅದು ಜನರಿಗೆ ನಾಟಲಿ ಅಂತ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರಲ್ಲ, ಅದನ್ನು ಸಾಫ್ಟ್‌ವೇರು ಖಾಲಿ ಜಾಗ ಅಂತ ತಿಳಿದು ತಾನೇ ಕತ್ತರಿಸಿಹಾಕಿತು. ಉಳಿದದ್ದನ್ನು ಕೇಳಿ ಹುಡುಗ ತಲೆ ಕೆರೆದುಕೊಂಡ. 'ಸರ್, ಬೈಯ್ಯೋದು ಜಾಸ್ತಿ ಇದೆ ಸರ್. ತುಂಬಾ ನೆಗೆಟಿವ್. ಹೀಗೇ ಬಿಟ್ರೆ ಯೂಸರ್ಸ್ ವಾಪಸ್ ಬರಲ್ಲ.'

ಬೈಯ್ಯೋದು ಜಾಸ್ತಿ ಇದ್ದದ್ದು ನಿಜ. ಅಡ್ಡಪಲ್ಲಕ್ಕಿ ಹತ್ತಿರಿ ಅಂದವರಿಗೆ ಬೈದಿದ್ದರು. ಸಾಲ ಮಾಡಿ ಮದುವೆ ಮಾಡಿದ ಅಪ್ಪನಿಗೆ ಬೈದಿದ್ದರು, ಮಾಡಿಸಿಕೊಂಡ ಬೀಗರಿಗೆ ಅದಕ್ಕಿಂತ ಜಾಸ್ತಿ. ಒಬ್ಬ ವ್ಯಾಪಾರಿ ಮೆಣಸಿನಕಾಯಿ ಚೀಲಕ್ಕೆ ನೀರು ಹೊಡೆದು ತೂಕ ಏರಿಸಿ, ಆ ದುಡ್ಡಲ್ಲಿ ಮಠಕ್ಕೆ ಬೆಳ್ಳಿ ಬಾಗಿಲು ಮಾಡಿಸಿಕೊಂಡು ಬಂದಿದ್ದ. ಅಜ್ಜಾರು ತುಂಬಿದ ಸಭೆಯಲ್ಲಿ, 'ಈ ಬಾಗಲಾ ಒಯ್ದು ನಿನ್ನ ಅಂಗಡಿಗೇ ಹಚ್ಚು. ಗಿರಾಕಿ ಒಳಗ ಬರೂಮುಂದ ಹುಷಾರರ ಆಗ್ಲಿ' ಅಂದಿದ್ದರು. ಆ ಕ್ಯಾಸೆಟ್ಟಿನಲ್ಲಿ ಜನ ನಕ್ಕದ್ದೂ ಇದೆ. ಆ ವ್ಯಾಪಾರಿಯ ಮಗನೇ ಈಗ ಮಠದ ಸಮಿತಿಯ ಅಧ್ಯಕ್ಷರು. ಅವರು ಗಂಟಲು ಸರಿ ಮಾಡಿಕೊಂಡು, 'ಅವೆಲ್ಲಾ ಆಗಿನ ಕಾಲದ ಮಾತ್ರೀ. ತಗದ್ಬಿಡ್ರಿ. ಅಜ್ಜಾರ ಮನಸ್ಸು ಬೆಣ್ಣಿಯಂಥಾದ್ದು. ಅದು ಬರಬೇಕು ನೋಡ್ರಿ' ಅಂದರು.

ಬೆಣ್ಣೆ ಬಂತು. ಕ್ಯಾಸೆಟ್ಟುಗಳಲ್ಲಿ ಕೊನೆಗೆ ಉಳಿದದ್ದು 'ಒಳ್ಳೇದಾಗಲಿ', 'ಎಲ್ಲಾರೂ ಕೂಡ್ರಿ', 'ಪ್ರಸಾದ ತೊಗೊಂಡು ಹೋಗ್ರಿ' ಇಷ್ಟೇ. ಮಿಕ್ಕ ಜ್ಞಾನವನ್ನು ಯಂತ್ರ ಇಂಟರ್ನೆಟ್ಟಿನಿಂದ ತುಂಬಿಕೊಂಡಿತು.

ಡೆಮೊದಲ್ಲಿ ಒಬ್ಬ ಹೆಣ್ಣುಮಗಳು ಎದ್ದು, 'ಯಪ್ಪಾ, ಮಗಳ ಮದುವಿಗೆ ಐದು ತೊಲಿ ಬಂಗಾರ, ಒಂದು ಕಾರು ಕೇಳ್ಯಾರ. ಏನ್ ಮಾಡ್ಲಿ?' ಅಂತ ಕೇಳಿದಳು. ಅಜ್ಜಾರು ನಕ್ಕರು. 'ಇದು ಸೂಕ್ಷ್ಮವಾದ ವಿಷಯ. ಇದರ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ. ಎರಡೂ ಕುಟುಂಬದವರು ಕೂತು ಮುಕ್ತವಾಗಿ ಚರ್ಚಿಸಿ. ಮದುವೆಯ ಬಜೆಟ್ ಮಾಡಿಕೊಡಲೇ?' ಅಂದರು. ಸಭೆ ಚಪ್ಪಾಳೆ ತಟ್ಟಿತು. ಹೆಣ್ಣುಮಗಳು ಸುಮ್ಮನೆ ಕೂತಳು. ನಿಜವಾದ ಅಜ್ಜಾರು ಇದ್ದಿದ್ದರೆ ಆ ಬೀಗರ ಊರು ಯಾವುದು ಅಂತ ಮೊದಲು ಕೇಳುತ್ತಿದ್ದರು. ಆಮೇಲೆ ಆ ಊರಿಗೆ ಹೇಳಿ ಕಳಿಸುತ್ತಿದ್ದರು.

ಇಷ್ಟೆಲ್ಲ ಖರ್ಚು ಮಾಡಿದ್ದು ನೆನಪು ಉಳಿಸೋಕೆ ಅಂತ ಕರಪತ್ರದಲ್ಲಿದೆ. ನೆನಪು ಉಳಿಸೋದು ನಮ್ಮ ನೆಲಕ್ಕೆ ಹೊಸದೇನಲ್ಲ. ಗದಗಿನಿಂದ ಸ್ವಲ್ಪ ದೂರ ಹೋದರೆ ಲಕ್ಕುಂಡಿ. ಅಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣ ಕಳೆದುಹೋಗಬಾರದು ಅಂತ ಓಲೆಗರಿಯಲ್ಲಿ 1000 ಪ್ರತಿ ಬರೆಸಿ ಹಂಚಿದಳು. ಸಾವಿರ ವರ್ಷದ ಹಿಂದಿನ ಮಾತು. ಒಂದೊಂದು ಅಕ್ಷರವನ್ನೂ ಕಂಟ ಅನ್ನೋ ಕಬ್ಬಿಣದ ಲೇಖನಿಯಲ್ಲಿ ಕೊರೆಯಬೇಕಿತ್ತು. ಇದನ್ನು ಸಮಿತಿಯ ಮುಂದೆ ಹೇಳಿದಾಗ ಒಬ್ಬ ಸದಸ್ಯರು, 'ಪಿಡಿಎಫ್ ಮಾಡಿ ವಾಟ್ಸಾಪ್‌ನಾಗ ಬಿಟ್ಟಿದ್ರ ಆಗತಿತ್ತಲ್ರೀ' ಅಂದರು. ಇನ್ನೊಬ್ಬರು ಅತ್ತಿಮಬ್ಬೆಯ ಫೋಟೊ ಆ ಪ್ರತಿಗಳಲ್ಲಿ ಯಾವ ಪುಟದಲ್ಲಿತ್ತು ಅಂತ ವಿಚಾರಿಸಿದರು.

ಫ.ಗು. ಹಳಕಟ್ಟಿಯವರು ಹುಟ್ಟಿದ್ದು ಧಾರವಾಡದಲ್ಲೇ, 1880ರಲ್ಲಿ. ವಿಜಾಪುರದಲ್ಲಿ ವಕೀಲರಾಗಿದ್ದುಕೊಂಡು, ಊರೂರು ತಿರುಗಿ, ಮನೆ ಮನೆಯಲ್ಲಿ ವಚನದ ಕಟ್ಟು ಹುಡುಕಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರತಂದರು. ಅವರ ಹುಟ್ಟಿದ ದಿನ ಜುಲೈ 2ನ್ನು ಸರ್ಕಾರ ಈಗ ವಚನ ಸಾಹಿತ್ಯ ಸಂರಕ್ಷಣಾ ದಿನ ಅಂತ ಆಚರಿಸುತ್ತದೆ. ಆಗ ಎಷ್ಟೋ ಮನೆಗಳಲ್ಲಿ ಆ ಕಟ್ಟುಗಳು ಜಗುಲಿ ಮೇಲಿರುತ್ತಿದ್ದವು. ಪೂಜೆ ಆಗುತ್ತಿತ್ತು, ಬಿಚ್ಚಿ ಓದುವವರಿರಲಿಲ್ಲ.

ಆ ಸಂಪ್ರದಾಯವನ್ನು ನಮ್ಮ ಮಠ ಬಿಟ್ಟುಕೊಟ್ಟಿಲ್ಲ. ಕೆಲವು ವರ್ಷದ ಹಿಂದೆ ಒಬ್ಬ ಕಾಲೇಜು ಮಾಸ್ತರು ಮಠದ ಓಲೆಗರಿಗಳನ್ನೆಲ್ಲ ಸ್ಕ್ಯಾನ್ ಮಾಡಿ ಹಾರ್ಡ್ ಡಿಸ್ಕಿನಲ್ಲಿ ಹಾಕಿ ಕೊಟ್ಟಿದ್ದರು. ಪುಕ್ಕಟೆ. ಅದನ್ನು ಜಗುಲಿ ಮೇಲೆ ಇಟ್ಟರು. ಖಂಡೇನವಮಿಗೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಸೇವಂತಿಗೆ ಮಾಲೆ ಹಾಕಿದರು. ವರ್ಷ ವರ್ಷ ಹಾಕಿದರು. ಈಗ ಬೆಂಗಳೂರಿನ ಹುಡುಗ ಅದಕ್ಕೆ ಕೇಬಲ್ ಚುಚ್ಚಲು ಹೋದರೆ ಒಳಗೆ ಹೋಗಲಿಲ್ಲ. ಪಿನ್ನಿನಿಂದ ಕೆದಕಿದ. ಕುಂಕುಮ ಉದುರಿತು, ಒಂದು ಅಕ್ಕಿಕಾಳೂ ಬಂತು. ಡಿಸ್ಕು ಮಾತ್ರ ಏಳಲಿಲ್ಲ. ಓಲೆಗರಿಗಳು ಸುಖವಾಗಿವೆ, ಮರದ ಪೆಟ್ಟಿಗೆಯಲ್ಲಿ.

ಇನ್ನು ಹಳೆಯ ಸ್ಮರಣ ಸಂಚಿಕೆಯ ಸಿಡಿ. ಅದು ತೆರೆಯಿತು, ಆದರೆ ಅಕ್ಷರ ಕನ್ನಡದ್ದಲ್ಲ. ಇಂಗ್ಲಿಷಿನ ಅಕ್ಷರಕ್ಕೆ ತಲೆ ಮೇಲೊಂದು ಗೀಟು, ಪಕ್ಕದಲ್ಲಿ ಬ್ರಿಟಿಷರ ಪೌಂಡ್ ಗುರುತು. ಆಗಿನ ನುಡಿ ಥರದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂರಿಸುತ್ತಿದ್ದರು. ಆ ಫಾಂಟು ಇಲ್ಲದ ಕಂಪ್ಯೂಟರಿಗೆ 'ಕನ್ನಡ' ಅನ್ನೋ ಪದದ ನಡುವೆಯೂ ಪೌಂಡೇ ಕಾಣುತ್ತದೆ. ಯೂನಿಕೋಡಿಗೆ ತಿರುಗಿಸುವ ಪರಿವರ್ತಕ ಪುಕ್ಕಟೆ ಸಿಗುತ್ತದೆ, ಐದು ನಿಮಿಷದ ಕೆಲಸ. ಆದರೆ ಅಷ್ಟರಲ್ಲಿ ಸಮಿತಿಯ ವಿದ್ವಾಂಸರೊಬ್ಬರು ಪರದೆಯನ್ನು ದಿಟ್ಟಿಸಿ ನೋಡಿ, ಇದು ಅಜ್ಜಾರು ಒಗಟಿನ ಹಾಗೆ ಬರೆದ ಬೆಡಗಿನ ವಚನ ಅಂತ ತೀರ್ಮಾನಿಸಿದ್ದರು. ಪೌಂಡ್ ಗುರುತು ಅಂದರೆ ಕುಂಡಲಿನಿಯಂತೆ. ಅರ್ಥ ಬಿಡಿಸಿ ಟೀಕೆ ಬರೆಯುತ್ತಿದ್ದಾರೆ.

ತಂತ್ರಜ್ಞಾನದ ಮೇಲೆ ನನಗೇನೂ ಸಿಟ್ಟಿಲ್ಲ. ಕೆಲವು ಉತ್ಸಾಹಿಗಳು ಸೇರಿ 'ವಚನ ಸಂಚಯ' ಅಂತ ಒಂದು ವೆಬ್‌ಸೈಟು ಮಾಡಿಟ್ಟಿದ್ದಾರೆ. 20,000ಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಅಂತ ಚಿಟಿಕೆ ಹೊಡೆಯೋದರಲ್ಲಿ ತೋರಿಸುತ್ತದೆ. ಅದರಲ್ಲಿ ಶರಣರು ನಗೋದಿಲ್ಲ, ಬಜೆಟ್ ಮಾಡಿಕೊಡೋದಿಲ್ಲ. ಬೈದದ್ದನ್ನು ಬೈದ ಹಾಗೇ ಇಟ್ಟಿದ್ದಾರೆ. ಆದರೆ ಸ್ಕ್ಯಾನ್ ಮಾಡೋದಕ್ಕೆ, ಅಕ್ಷರ ತಿದ್ದೋದಕ್ಕೆ ಉದ್ಘಾಟನೆ ಇರೋದಿಲ್ಲ ನೋಡಿ. ರಿಬ್ಬನ್ ಕಟ್ಟೋಕೆ ಜಾಗ ಇಲ್ಲದ ಕೆಲಸಕ್ಕೆ ಸಮಿತಿಯವರು ಬರೋದು ಕಷ್ಟ.

ಡೆಮೊದ ಮರುವಾರ ಅಧ್ಯಕ್ಷರ ಮನೆಗೆ ಹೆಳವ ಬಂದ. ಹೆಳವರು ಅಂದರೆ ಎತ್ತಿನ ಮೇಲೆ ಬಂದು, ಮನೆತನದ ತಲೆತಲೆಮಾರಿನ ಹೆಸರು ಹೇಳಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಂಡು, ಜೋಳ ಹಾಕಿಸಿಕೊಂಡು ಹೋಗುವವರು. ಈಗ ಕೆಲವರು ಗಾಡಿ ಮೇಲೂ ಬರುತ್ತಾರೆ. ಅಧ್ಯಕ್ಷರು ಒಳಗಿಂದಲೇ, 'ಈಗ ಆಪ್ ಮಾಡಿಸೇವಪ್ಪಾ. ವಂಶಾವಳಿ ಎಲ್ಲಾ ಅದರಾಗ ಐತಿ' ಅಂದರು. ಹೆಳವ ಪುಸ್ತಕ ಮಡಚಲಿಲ್ಲ. 'ಭಾಳ ಚಲೋ ಆತ್ರಿ ಸಾವ್ಕಾರ್ರ. ನಿಮ್ಮ ಮುತ್ತಜ್ಜಾರ ಎರಡನೇ ಹೇಂತಿ ಹೆಸರು ಅದರಾಗ ಬಂದೈತೇನ್ರಿ? ಆಕಿ ಮಕ್ಕಳ ಪಾಲಿನ ಹೊಲದ್ದು?' ಅಂದ. ಅಧ್ಯಕ್ಷರು ಅವಸರದಲ್ಲಿ ಹೊರಗೆ ಬಂದರು. ಹೆಳವನಿಗೆ ಒಂದು ಚೀಲ ಜೋಳ, ಒಂದು ಕಂಬಳಿ ಸಿಕ್ಕವು.

ಆ ಹುಡುಗನಿಗೆ ನಮ್ಮ ಕಡೆ ಇನ್ನೊಂದು ಕೆಲಸವೂ ಸಿಕ್ಕಿದೆ, ಸಂತರನ್ನೆಲ್ಲ ಒಂದೇ ಆಪಿನಲ್ಲಿ ತುಂಬೋದು. ಶಿಶುನಾಳದ ಷರೀಫರ ಹತ್ತಿರ ಬಂದು ಸಿಕ್ಕಿಹಾಕಿಕೊಂಡ. ಹುಟ್ಟಿದ್ದು ಮುಸ್ಲಿಮರ ಮನೆ, ಗುರು ಗೋವಿಂದಭಟ್ಟರು, ಹಾವೇರಿ ಜಿಲ್ಲೆಯ ಆ ಗದ್ದುಗೆಗೆ ಹಿಂದೂಗಳು, ಮುಸ್ಲಿಮರು ಇಬ್ಬರೂ ನಡೆದುಕೊಳ್ಳುತ್ತಾರೆ. ಫಾರ್ಮಿನಲ್ಲಿ ಧರ್ಮ ಅನ್ನೋ ಕಾಲಮ್ಮಿಗೆ ಒಂದನ್ನೇ ಆರಿಸಬೇಕು, ಆರಿಸದೆ ಮುಂದೆ ಹೋಗೋದಿಲ್ಲ. ಕೊನೆಗೆ 'ಇತರೆ' ಅಂತ ಹಾಕಿದ. ಇತರೆ ವಿಭಾಗದಲ್ಲಿ ಈಗ ಇಬ್ಬರಿದ್ದಾರೆ: ಷರೀಫರು, ಮತ್ತೆ ಹುಡುಗ ಪರೀಕ್ಷೆಗೆ ಅಂತ ಹಾಕಿ ಅಳಿಸೋಕೆ ಮರೆತ 'ಟೆಸ್ಟ್ 123'.

ಷರೀಫರ ಪದಗಳು ಉಳಿದದ್ದು ಭಜನೆ ಮೇಳದವರ ಬಾಯಲ್ಲಿ. ಏಕತಾರಿ, ದಮ್ಮಡಿ ಹಿಡಿದು ರಾತ್ರಿ ಕೂತರೆ ಒಂದೊಂದು ಊರಿನವರು ಒಂದೊಂದು ನುಡಿ ಹೆಚ್ಚು ಕಡಿಮೆ ಹಾಡುತ್ತಾರೆ. ಹುಡುಗ ಮೂರು ಊರಿನ ಮೇಳಗಳನ್ನು ರೆಕಾರ್ಡ್ ಮಾಡಿ ತುಂಬಿದ. ಆಪು ಡೂಪ್ಲಿಕೇಟ್ ಅಂತ ಎರಡನ್ನು ಅಳಿಸಿತು. ಉಳಿಸಿಕೊಂಡದ್ದು ಯಾವುದು ಅಂದರೆ, ಮೊಬೈಲ್ ಹತ್ತಿರ ಇಟ್ಟಿದ್ದರಿಂದ ದನಿ ಸ್ಪಷ್ಟವಾಗಿ ಬಂದದ್ದನ್ನು.

ಇಷ್ಟರಲ್ಲಿ ಮಠದ ಉತ್ತರಾಧಿಕಾರಿ ಯಾರು ಅನ್ನೋ ಜಗಳ ಎದ್ದಿತು. ನಮ್ಮ ಕಡೆ ಇದೂ ಪರಂಪರೆಯೇ. ಅಧ್ಯಕ್ಷರ ಗುಂಪಿನವರು ಎಐ ಅಜ್ಜಾರನ್ನೇ ಕೇಳಿದರು. ಅಜ್ಜಾರು ನಕ್ಕು, ಅಧ್ಯಕ್ಷರ ಕಡೆಯ ಮರಿಸ್ವಾಮಿಯನ್ನೇ ಹೆಸರಿಸಿದರು. ಎದುರು ಗುಂಪಿನವರು ಇದು ಖೊಟ್ಟಿ ಅಜ್ಜಾರು ಅಂತ ಸಾರಿ, ಎಂಟು ದಿನದಲ್ಲಿ ತಮ್ಮದೇ ಅಜ್ಜಾರನ್ನು ಮಾಡಿಸಿಕೊಂಡು ಬಂದರು. ಅವರು ಅಷ್ಟಾಗಿ ನಗೋದಿಲ್ಲ, ಆದ್ದರಿಂದ ಅವರೇ ಅಸಲಿ ಅಂತ ಅವರ ವಾದ. ಈ ಅಜ್ಜಾರು ಬೇರೆ ಮರಿಯ ಹೆಸರು ಹೇಳಿದರು. ಕ್ಯಾಸೆಟ್ಟಿನಲ್ಲಿ ನಿಜವಾದ ಅಜ್ಜಾರು ಈ ವಿಷಯಕ್ಕೇನಾದರೂ ಹೇಳಿದ್ದಾರಾ ಅಂತ ಕಾರಕೂನರನ್ನು ಯಾರೂ ಕೇಳಲಿಲ್ಲ. ಹೇಳಿದ್ದಾರೆ. ಇಬ್ಬರ ಹೆಸರನ್ನೂ ಹಿಡಿದು ಬೈದಿದ್ದಾರೆ.

ಈಗ ಇಬ್ಬರು ಅಜ್ಜಾರೂ ಕೋರ್ಟಿನಲ್ಲಿದ್ದಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ಕಂಪ್ಯೂಟರಿನ ದಾಖಲೆಯನ್ನು ಸಾಕ್ಷಿಯಾಗಿ ಕೊಡಬೇಕಾದರೆ ಪ್ರಮಾಣಪತ್ರ ಹಚ್ಚಬೇಕು. ಅದಕ್ಕೆ ಒಬ್ಬ ತಜ್ಞನ ಸಹಿಯೂ ಬೇಕು. ಎರಡೂ ಕಡೆಯ ಪ್ರಮಾಣಪತ್ರಕ್ಕೆ ಸಹಿ ಮಾಡಿದ್ದು ಆ ಕರಿ ಟೀ ಶರ್ಟಿನ ಹುಡುಗನೇ. ಎರಡನೇ ಅಜ್ಜಾರನ್ನು ಮಾಡಿಕೊಟ್ಟವನೂ ಅವನೇ. ಅದಕ್ಕೆ ರೇಟು ಸ್ವಲ್ಪ ಕಡಿಮೆ ಮಾಡಿದನಂತೆ, ದನಿ ಆಗಲೇ ಕ್ಲೀನ್ ಮಾಡಿಟ್ಟಿದ್ದನಲ್ಲ.