ಸುಟ್ಟ ಗಾಯಕ್ಕೆ ಮೈದಾ ಹಿಟ್ಟಾ? ಬೇಡವೇ ಬೇಡ

‘ಕೈ ಸುಟ್ಟರೆ ಕೂಡಲೇ ಮೈದಾ ಹಿಟ್ಟಿನೊಳಗೆ ಹತ್ತು ನಿಮಿಷ ಇಡಿ, ಬೊಬ್ಬೆ ಏಳುವುದಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಹೀಗೇ ಒಬ್ಬನನ್ನು ಉಳಿಸಿದರು’ ಎನ್ನುವ ಮೆಸೇಜ್ ವರ್ಷಗಳಿಂದ ಸುತ್ತುತ್ತಿದೆ. ಹಿಟ್ಟಿನ ಪೊಟ್ಟಣವನ್ನು ಫ್ರಿಜ್ಜಿನಲ್ಲೇ ಇಟ್ಟುಕೊಳ್ಳಿ ಎಂಬ ಸಲಹೆ ಬೇರೆ!

ಇದು ಸುಳ್ಳು. ಬಿಸಿ ಎಣ್ಣೆ ಸಿಡಿದರೆ ಶಾಖ ಚರ್ಮದ ಒಳಗೂ ಇಳಿಯುತ್ತಾ ಹೋಗುತ್ತದೆ. ಅದನ್ನು ನೀರಿನಂತೆ ಎಳೆದುಕೊಳ್ಳುವುದು ಹಿಟ್ಟಿನಿಂದ ಆಗದು. ಒಸರುವ ಗಾಯಕ್ಕೆ ಹಿಟ್ಟು ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಆಮೇಲೆ ಆಸ್ಪತ್ರೆಯಲ್ಲಿ ಕೆರೆದು ತೆಗೆಯಬೇಕು, ಆ ನೋವು ಯಾರಿಗೂ ಬೇಡ. ಸೋಂಕಿನ ಭಯವೂ ಇದೆ. ಉರಿಯುವ ಬೆಂಕಿಗೆ ಎರಚಿದರಂತೂ ಹಿಟ್ಟೇ ಭಗ್ಗನೆ ಹೊತ್ತಿಕೊಳ್ಳಬಹುದು. ಟೂತ್‌ಪೇಸ್ಟ್, ಅರಿಶಿನ, ಇಂಕು, ಬೆಣ್ಣೆ, ಮೊಟ್ಟೆಯ ಬಿಳಿ ಕೂಡ ಬೇಡ.

ಬೇಕಾಗಿರುವುದು ಸುಮ್ನೆ ನಲ್ಲಿ ನೀರು. ಹರಿಯುವ ತಣ್ಣೀರಿನ ಕೆಳಗೆ ಪೂರ್ತಿ 20 ನಿಮಿಷ ಹಿಡಿಯಿರಿ. ಉರಿ ಕಮ್ಮಿ ಆಯ್ತು ಅಂತ ಎರಡೇ ನಿಮಿಷಕ್ಕೆ ಕೈ ತೆಗೆಯಬೇಡಿ. ಸುಟ್ಟು 3 ಗಂಟೆಯೊಳಗೆ ಮಾಡಿದರೂ ಪ್ರಯೋಜನವಿದೆ. ನಲ್ಲಿಯಲ್ಲಿ ನೀರಿಲ್ಲವೇ? ಬಕೆಟ್ಟಿನಿಂದ ಚೊಂಬಿನಲ್ಲಿ ನಿಧಾನಕ್ಕೆ ಸುರಿಯುತ್ತಿರಿ. ಐಸ್ ಮಾತ್ರ ಇಡಬೇಡಿ, ಚರ್ಮಕ್ಕೆ ಇನ್ನೂ ಜಾಸ್ತಿ ಪೆಟ್ಟು. ಬಳೆ, ಉಂಗುರ ಮೊದಲೇ ತೆಗೆಯಿರಿ, ಊದಿಕೊಂಡರೆ ಬಿಚ್ಚಲಾಗದು. ಅಂಟಿಕೊಂಡ ಬಟ್ಟೆಯನ್ನು ಎಳೆಯಬೇಡಿ. ಬೊಬ್ಬೆ ಒಡೆಯಬೇಡಿ. ಮೇಲೆ ಶುಭ್ರ ಬಟ್ಟೆ ಸಡಿಲವಾಗಿ ಹೊದಿಸಿ.

ಮುಖ, ಕೈ, ಕೀಲು ಸುಟ್ಟಿದ್ದರೆ, ಗಾಯ ಅಂಗೈಗಿಂತ ದೊಡ್ಡದಿದ್ದರೆ ಅಥವಾ ಸುಟ್ಟಿರುವುದು ಮಗುವಿಗಾದರೆ ಆಸ್ಪತ್ರೆಗೆ ಹೋಗಲೇಬೇಕು. ಆಂಬುಲೆನ್ಸಿಗೆ 108. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಕ್ಕೇ ಪ್ರತ್ಯೇಕ ವಿಭಾಗವಿದೆ.